ಸುವರ್ಣಕ್ಕ ಹಾಕಿದ ಗುರುತು

ದಾಂಡೇಲಿ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಹದಿನಾಲ್ಕು ಹೆಣ್ಣುಮಕ್ಕಳು, ಹದಿನಾಲ್ಕು ಕಂಪ್ಯೂಟರು. ನಾನು ಮಾಲಾ, ಮುಂಡಗೋಡ ಕಡೆಯ ತಾಂಡಾದವಳು. ನನ್ನ ಪಕ್ಕದ ಕುರ್ಚಿ ಸುವರ್ಣಕ್ಕನದು. ಹಳಿಯಾಳ ತಾಲೂಕಿನ ತೇರಗಾಂವದ ಮರಾಠರ ಸೊಸೆ, ನನಗಿಂತ ಒಂಬತ್ತು ವರ್ಷ ದೊಡ್ಡವಳು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬರುವಳು, ಕುರ್ಚಿ ಒರೆಸುವಳು, ಕೂತರೆ ಮಧ್ಯಾಹ್ನದ ಊಟದವರೆಗೆ ಏಳುತ್ತಿರಲಿಲ್ಲ.

ಎಲ್ಲಿಯದೋ ಒಂದು ಕಂಪನಿ ಸೈನ್ಯಕ್ಕಾಗಿ ಗಾಡಿ ಮಾಡುತ್ತಿತ್ತು. ಸೊಂಟದೆತ್ತರದ ಗಾಡಿ, ಚಕ್ರದ ಬದಲು ಮಣ್ಣು ಅಗೆಯುವ ಹಿಟಾಚಿಗೆ ಇರುವಂಥ ಕಬ್ಬಿಣದ ಪಟ್ಟಾ. ಡ್ರೈವರ್ ಇಲ್ಲ. ಕ್ಯಾಮೆರಾದಲ್ಲಿ ಕಂಡದ್ದನ್ನು ನೋಡಿ ತಾನೇ ದಾರಿ ಹುಡುಕಿಕೊಂಡು ಮುಂದಿನ ಠಾಣೆಗೆ ಗುಂಡು, ನೀರು, ಊಟ ಒಯ್ಯಬೇಕು, ಬರುವಾಗ ಗಾಯಗೊಂಡವರನ್ನು ಹೊತ್ತು ತರಬೇಕು. ಅದರ ಕ್ಯಾಮೆರಾದ ಚಿತ್ರಗಳು ನಮ್ಮಲ್ಲಿಗೆ ಬರುತ್ತಿದ್ದವು. ನಾವು ಒಂದೊಂದರ ಸುತ್ತ ಗೆರೆ ಎಳೆದು ಗುರುತು ಹಾಕಬೇಕು: ಕಲ್ಲು, ತಗ್ಗು, ಗಿಡ, ತಂತಿ, ಮನುಷ್ಯ. ಹೀಗೆ ಲಕ್ಷಗಟ್ಟಲೆ ಚಿತ್ರ ನೋಡಿ ಗಾಡಿ ಕಲಿಯುತ್ತದಂತೆ. ಯಾವ ದೇಶದ ಸೈನ್ಯ, ಯಾವ ಗುಡ್ಡ, ಯಾರೂ ಹೇಳಿರಲಿಲ್ಲ. ಹೊರಗೆ ಬಾಯಿ ಬಿಡಬಾರದೆಂದು ಸೇರುವಾಗಲೇ ಸಹಿ ಮಾಡಿಸಿಕೊಂಡಿದ್ದರು. ಇವತ್ತು ನಾನು ಹೇಳುತ್ತಿದ್ದೇನೆ, ಖರೆ. ಆದರೆ ಕಂಪನಿಯ ಹೆಸರು ಹೇಳೆಂದರೆ ನನಗೇ ಗೊತ್ತಿಲ್ಲ.

ಸುವರ್ಣಕ್ಕನಷ್ಟು ಚೊಕ್ಕ ಕೆಲಸ ನಮ್ಮಲ್ಲಿ ಯಾರದೂ ಇರಲಿಲ್ಲ. ಚಿತ್ರದಲ್ಲಿನ ಮಣ್ಣು ನೋಡಿಯೇ ಇದು ಹಸಿ, ಗಾಡಿ ಹುಗಿಯುತ್ತದೆ ಎನ್ನುವಳು. ಹೊಲದಲ್ಲಿ ಬೆಳೆದ ಕಣ್ಣು. ಆದರೆ ಆಕೆಯ ಶ್ರದ್ಧೆಗೆ ಬೇರೆ ಕಾರಣವಿತ್ತು. ಗಂಡ ಜ್ಯೋತಿಬಾ ಸೈನ್ಯದಲ್ಲಿದ್ದ. ಆರು ವರ್ಷದ ಹಿಂದೆ ಗಡಿಯ ಒಂದು ಠಾಣೆಯ ಹತ್ತಿರ ಗುಂಡು ಬಿದ್ದು ಬಯಲಲ್ಲಿ ಉಳಿದುಬಿಟ್ಟ. ಶವದ ಜೊತೆ ಬಂದ ಗೆಳೆಯ ಆಕೆಯೆದುರು ನೆಲ ನೋಡುತ್ತ ಹೇಳಿದ್ದನಂತೆ, ಗೋಡೆಯ ಈಚೆಯಿಂದ ಕಾಣುತ್ತಿದ್ದ ವೈನಿ, ನಾಲ್ಕು ತಾಸು ಕಾಣುತ್ತಿದ್ದ, ಹೊರಗೆ ಕಾಲಿಡಲು ಮಾತ್ರ ಆಗಲಿಲ್ಲ ಎಂದು. ಹೋಗಲು ನೋಡಿದ ಒಬ್ಬನಿಗೂ ಪೆಟ್ಟಾಗಿತ್ತು. ಹಾಗಾಗಿ, ಮನುಷ್ಯರು ಹೋಗಲಾರದಲ್ಲಿಗೆ ಹೋಗಿ ಬಿದ್ದವರನ್ನು ತರುವ ಗಾಡಿ ಎಂದು ಮೊದಲ ದಿನ ತರಬೇತಿಯಲ್ಲಿ ಹೇಳಿದಾಗ ಸುವರ್ಣಕ್ಕ ಅತ್ತಿದ್ದಳು. ಆಮೇಲೆ ಮುಖ ತೊಳೆದು ಬಂದು ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳಿದ್ದಳು.

ಎರಡು ವರ್ಷ ಹೀಗೇ ನಡೆಯಿತು. ಹೋದ ಜೂನಿನಲ್ಲಿ ಒಂದು ಹೊಸ ನಿಯಮ ಬಂತು. ನೆಲದ ಮೇಲೆ ಮಲಗಿದ್ದು ಹತ್ತು ಸೆಕೆಂಡು ಅಲುಗಾಡದ ಆಕೃತಿಗೆ ಇನ್ನು ಮುಂದೆ ‘ಮನುಷ್ಯ’ ಎಂದು ಹಾಕಬೇಡಿ, ‘ಅಡಚಣೆ’ ಎಂದು ಹಾಕಿ.

ನಮ್ಮ ಮೇಲ್ವಿಚಾರಕಿ ವಿದ್ಯಾವತಿ ಮೇಡಂ ಧಾರವಾಡದವರು, ಕೆಟ್ಟವರಲ್ಲ. ಬಿಡಿಸಿ ಹೇಳಿದರು. ಮನುಷ್ಯ ಎಂದು ಕಂಡಲ್ಲೆಲ್ಲ ಗಾಡಿ ನಿಂತು ಅಪ್ಪಣೆಗೆ ಕಾಯುತ್ತದೆ. ಸತ್ತವರ ಮುಂದೆಯೂ ನಿಲ್ಲುತ್ತದೆ. ಅಷ್ಟರಲ್ಲಿ ಮುಂದಿನವರಿಗೆ ಗುಂಡು ತಲುಪುವುದಿಲ್ಲ. ಅಡಚಣೆ ಎಂದರೆ ಬಳಸಿಕೊಂಡು ಹೋಗುತ್ತದೆ. ಗಾಯಾಳುಗಳನ್ನು ತರುವ ಓಡಾಟಕ್ಕೆ ಬೇರೆ ನಿಯಮ ಇರುತ್ತದೆ, ಅದು ಬೇರೆ ಆಫೀಸಿನ ಕೆಲಸ. ಕೇಳಲು ಸರಿಯಾಗಿಯೇ ಇತ್ತು. ಸುವರ್ಣಕ್ಕನೂ ತಲೆಯಾಡಿಸಿದಳು.

ಆಗಸ್ಟಿನಲ್ಲಿ ಆ ವಿಡಿಯೊ ಬಂತು. ನಲವತ್ತೊಂದು ಸೆಕೆಂಡಿನದು. ಒಣ ಹುಲ್ಲಿನ ಇಳಿಜಾರು, ಒಂದು ತಗ್ಗಿನ ಬದಿಗೆ ಮಗ್ಗುಲಾಗಿ ಬಿದ್ದ ಮನುಷ್ಯ. ಗಾಡಿ ಹತ್ತಿರ ಹೋಗುತ್ತದೆ, ನಿಲ್ಲುತ್ತದೆ, ಹತ್ತು ಸೆಕೆಂಡು ಏನೂ ಅಲುಗದಿದ್ದಾಗ ಎಡಕ್ಕೆ ಹೊರಳಿ ಬಳಸಿಕೊಂಡು ಮುಂದೆ ಹೋಗುತ್ತದೆ. ಅಷ್ಟೇ.

ಸುವರ್ಣಕ್ಕ ನನ್ನ ಕೈ ಹಿಡಿದು ತನ್ನ ಕಡೆ ಎಳೆದಳು.

“ಇಲ್ಲಿ ನೋಡು. ಗಾಡಿ ಹೊಳ್ಳೂ ಹೊತ್ತಿಗೆ. ಎಡಗೈ ನೋಡು.”

ಆಕೆ ಒಂದೊಂದೇ ಚಿತ್ರವಾಗಿ ಮುಂದೆ ಸರಿಸಿದಳು. ಬೆರಳುಗಳು ಹುಲ್ಲನ್ನು ಹಿಡಿದವು, ಬಿಟ್ಟವು. ಗಾಡಿಯ ಹಿಂದಿನ ಕ್ಯಾಮೆರಾದಲ್ಲಿ ಇನ್ನೊಮ್ಮೆ ಹಿಡಿದದ್ದೂ ಕಂಡಿತು. ನಾನು ಏನೂ ಹೇಳದೆ ನನ್ನ ಕುರ್ಚಿಗೆ ಹಿಂದಿರುಗಿದೆ. ಆಕೆ ಗೆರೆ ಎಳೆದು ‘ಮನುಷ್ಯ, ಜೀವಂತ’ ಎಂದು ಹಾಕಿದಳು.

ಮರುದಿನ ಅದು ತಪ್ಪೆಂದು ವಾಪಸ್ ಬಂತು. ಆಕೆ ಮತ್ತೆ ಅದನ್ನೇ ಹಾಕಿದಳು. ಮತ್ತೆ ವಾಪಸ್. ಮೂರನೆಯ ಸಲ ಟಿಪ್ಪಣಿಯ ಜಾಗದಲ್ಲಿ, ಈ ಮನುಷ್ಯ ಮುಂದೆ ಏನಾದ, ದಯವಿಟ್ಟು ತಿಳಿಸಿ ಎಂದು ಬರೆದಳು. ಅದಕ್ಕೆ ಉತ್ತರ ಬರಲಿಲ್ಲ. ವಿದ್ಯಾವತಿ ಮೇಡಂ ಕರೆದರು.

ಒಳಗೆ ನಡೆದದ್ದನ್ನು ಸುವರ್ಣಕ್ಕ ಆಮೇಲೆ ಹೇಳಿದಳು. ಮೇಡಂ ಬೈಯಲಿಲ್ಲ. ತಾವೂ ವಿಡಿಯೊ ಹಾಕಿ ಎರಡು ಸಲ ನೋಡಿದರು, ಮೇಲಿನವರಿಗೆ ಬರೆಯುತ್ತೇನೆ ಎಂದರು, ಬರೆದರೂ ಕೂಡ. ನಾಲ್ಕು ದಿನಕ್ಕೆ ಒಂದು ಸಾಲು ಬಂತು: ಇದು ಹಳೆಯ ವಿಡಿಯೊ, ನಿಯಮದ ಪ್ರಕಾರ ಗುರುತು ಹಾಕಿ.

“ಹಳೇದು ಅಂದ್ರ ಎಷ್ಟು ಹಳೇದ್ರೀ?” ಎಂದು ಸುವರ್ಣಕ್ಕ ಕೇಳಿದಳು.

“ನನಗೂ ಹೇಳೂದಿಲ್ಲ ಸುವರ್ಣಾ. ತಿಂಗಳಾಗಿರಬಹುದು, ವರ್ಷ ಆಗಿರಬಹುದು. ಈಗ ನೀ ಏನ ಹಾಕಿದ್ರೂ ಅಂವಗ ಏನೂ ಆಗೂದಿಲ್ಲ.”

“ಅಂವಗ ಆಗೂದಿಲ್ರೀ. ಮುಂದಿನಾಂವಗ?”

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರಂತೆ.

ಆ ವಾರ ಆಕೆ ರಜೆ ಹಾಕಿ ಅಪ್ಪ ಸೋಮಪ್ಪನ ಜೊತೆ ಮಾಜಿ ಸೈನಿಕರ ಕಚೇರಿಗೆ ಹೋದಳು. ಸೋಮಪ್ಪ ಕಾಗದದ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು, ಯಾವ ಕಚೇರಿಯಲ್ಲೂ ಚಪ್ಪಲಿ ಹೊರಗೆ ಬಿಟ್ಟು ಒಳಹೋಗುವಂಥ ಮನುಷ್ಯ. ಅಲ್ಲಿದ್ದವರು ನಿವೃತ್ತ ಹವಾಲ್ದಾರ ಚನಬಸಪ್ಪ. ಜ್ಯೋತಿಬಾನ ಕಡತ ಅವರೇ ನೋಡಿಕೊಂಡಿದ್ದರಿಂದ ಗುರುತಿತ್ತು. ಚಹಾ ತರಿಸಿ ಪೂರ್ತಿ ಕೇಳಿದರು. ನಂತರ ಒಂದು ಕಾಗದ ತೆಗೆದು ಬರೆಯಲು ಕೂತರು. ಯಾವ ಸೈನ್ಯ? ಗೊತ್ತಿಲ್ಲ. ಯಾವ ಕಂಪನಿ? ಗೊತ್ತಿಲ್ಲ. ಎಲ್ಲಿ ನಡೆದದ್ದು, ಯಾವಾಗ? ಗೊತ್ತಿಲ್ಲ. ಬಿದ್ದವನು ನಮ್ಮವನೋ, ಎದುರಿನವನೋ? ಅದೂ ಗೊತ್ತಿಲ್ಲ. ಕಾಗದದ ಮೇಲೆ ಸುವರ್ಣಕ್ಕನ ಹೆಸರು, ಊರು ಬಿಟ್ಟು ಏನೂ ಇರಲಿಲ್ಲ.

“ತಂಗೀ, ಇದನ್ನ ನಾ ಯಾರಿಗೆ ಕಳಸಲಿ?” ಎಂದರು ಚನಬಸಪ್ಪ. “ಸಹಿ ಬ್ಯಾರೆ ಮಾಡಿ ಕೊಟ್ಟೇನಿ ಅಂತಿ. ನಿನಗ ತ್ರಾಸ ಆದೀತು.”

ಬರುವಾಗ ಬಸ್ಸಿನಲ್ಲಿ ಸೋಮಪ್ಪ ಮಗಳಿಗೆ ಒಂದೇ ಮಾತು ಹೇಳಿದ, ಇದನ್ನು ಅತ್ತೆಗೆ ಹೇಳಬೇಡ ಎಂದು. ಜ್ಯೋತಿಬಾನ ತಾಯಿ ಗೋದುಬಾಯಿ ಈಗಲೂ ಬಾಗಿಲಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದಳು: ನನ್ನ ಸೊಸೆ ಸೈನಿಕರನ್ನು ಉಳಿಸುವ ಕೆಲಸ ಮಾಡುತ್ತಾಳೆ.

ಸುವರ್ಣಕ್ಕ ರಜೆಯಲ್ಲಿದ್ದ ದಿನ ಆ ವಿಡಿಯೊ ನನ್ನ ಕಂಪ್ಯೂಟರಿಗೆ ಬಂತು. ಆಕೆ ಗುರುತು ಬದಲಿಸದಿದ್ದುದಕ್ಕೆ ಅದನ್ನು ಪಕ್ಕದವಳಿಗೆ ಹಂಚಿದ್ದರು, ಬೇರೆ ಉದ್ದೇಶವೇನೂ ಇರಲಿಲ್ಲ. ನಾನು ಬಹಳ ಹೊತ್ತು ತೆರೆಯಲಿಲ್ಲ. ತಾಂಡಾದಲ್ಲಿ ನನ್ನ ಅವ್ವ ಗೋಮಿಬಾಯಿಗೆ ವಾರಕ್ಕೊಮ್ಮೆ ಹುಬ್ಬಳ್ಳಿ ಆಸ್ಪತ್ರೆಗೆ ಹೋಗಬೇಕಾಗಿದ್ದ ಕಾಲ ಅದು, ನನ್ನ ಕೆಲಸ ಬಿಟ್ಟರೆ ಮನೆಯಲ್ಲಿ ಬೇರೆ ಆಧಾರ ಇರಲಿಲ್ಲ. ಇದನ್ನು ಈಗ ಹೇಳಿದರೆ ನೆಪದ ಹಾಗೆ ಕೇಳುತ್ತದೆ. ಊಟಕ್ಕೆ ಎಲ್ಲರೂ ಎದ್ದ ಮೇಲೆ ಗೆರೆ ಎಳೆದೆ. ‘ಅಡಚಣೆ’ ಎಂದು ಹಾಕಿದೆ. ಐದು ನಿಮಿಷಕ್ಕೆ ಸರಿ ಎಂದು ಹಸಿರು ಚಿಹ್ನೆ ಬಂತು.

ಮೂರು ದಿನ ಆಕೆಯ ಮುಖ ನೋಡಲಾಗಲಿಲ್ಲ. ನಾಲ್ಕನೆಯ ದಿನ ಊಟದ ಹೊತ್ತಿಗೆ ನಾನೇ ಹೇಳಿದೆ. ಸುವರ್ಣಕ್ಕ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

“ನೀ ಮಾಡಲಿಲ್ಲಂದ್ರ ಮತ್ತೊಬ್ಬಾಕಿ ಮಾಡ್ತಿದ್ಲು,” ಎಂದಳು. “ಅದಕ್ಕ ನನಗ ಸಿಟ್ಟಿಲ್ಲ. ಒಂದ ಹೇಳು. ಕೈ ನೋಡಿದಿ ಹೌದಲ್ಲೋ? ನಾ ಒಬ್ಬಾಕೀನ ನೋಡೇನೇನೋ ಅಂತ ತಲಿ ಕೆಟ್ಟೈತಿ.”

ನಾನು ನೋಡಿದ್ದೆ. ಆದರೆ ನೋಡಿಯೂ ಹಾಕಿದೆ ಎಂದು ಹೇಳಲು ಬಾಯಿ ಬರಲಿಲ್ಲ.

“ಹುಲ್ಲು ಅಲುಗಾಡಿದಂಗ ಕಾಣ್ತು ಅಕ್ಕ,” ಎಂದೆ. “ಗಾಳಿ ಇದ್ದೀತು.”

ಆಕೆ ನನ್ನನ್ನೇ ನೋಡಿದಳು. ಆಮೇಲೆ ತನ್ನ ಡಬ್ಬಿಯ ಪಲ್ಯ ನನ್ನ ತಟ್ಟೆಗೆ ಹಾಕಿ, ತಾನು ಉಣ್ಣದೆ ಎದ್ದು ಕೈ ತೊಳೆದಳು.

ಅಕ್ಟೋಬರಿನವರೆಗೆ ಸುವರ್ಣಕ್ಕ ಬಂದಳು. ಕಲ್ಲು, ತಗ್ಗು, ತಂತಿಗೆ ಮೊದಲಿನಷ್ಟೇ ಚೊಕ್ಕ ಗೆರೆ. ಮಲಗಿದ ಆಕೃತಿ ಬಂದರೆ ಮಾತ್ರ ಮುಟ್ಟದೆ ಮುಂದೆ ದಾಟಿಸುವಳು. ದಾಟಿಸಿದ್ದೆಲ್ಲ ನಮ್ಮ ಹದಿಮೂರು ಜನರಿಗೆ ಹಂಚಿಕೆಯಾಗುತ್ತಿತ್ತು. ಅವೆಲ್ಲ ಒಂದೂ ಬಿಡದೆ ನಮ್ಮ ಕೈಯಲ್ಲಿ ‘ಅಡಚಣೆ’ ಆಗುತ್ತಿರುವುದು ಗೊತ್ತಾದ ದಿನ ಆಕೆ ರಾಜೀನಾಮೆ ಕೊಟ್ಟಳು. ಮೇಡಂ ಬೇಡ ಎನ್ನಲಿಲ್ಲ, ಕೆಳಗೆ ರಸ್ತೆಯವರೆಗೆ ಬಂದು ಕಳಿಸಿಕೊಟ್ಟರು.

ಈಗ ಕುಳಗಿಯ ಅರಣ್ಯ ಇಲಾಖೆಯ ಕ್ಯಾಂಪಿನ ಅಡುಗೆಮನೆಯಲ್ಲಿದ್ದಾಳೆ. ಸಂಕ್ರಾಂತಿ ಮುಗಿದ ಮೇಲೆ ಒಂದು ಭಾನುವಾರ ನೋಡಿ ಬಂದೆ, ಆ ಕೈ ನಾನೂ ನೋಡಿದ್ದೆ ಎಂದು ಈ ಸಲ ಹೇಳಿಬಿಡಬೇಕೆಂದೇ ಹೋಗಿದ್ದೆ. ಶಾಲೆಯ ಪ್ರವಾಸದ ಮಕ್ಕಳಿಗೆ ಉಪ್ಪಿಟ್ಟು ಮಾಡುತ್ತಿದ್ದಳು. ನನ್ನನ್ನು ಮಣೆಯ ಮೇಲೆ ಕೂರಿಸಿ ಅವ್ವನ ಆರೋಗ್ಯ ಕೇಳಿದಳು, ಗೋದುಬಾಯಿಗೆ ಈಚೆಗೆ ಕಣ್ಣು ಮಂದವಾಗಿದೆ ಎಂದಳು. ಆಫೀಸಿನ ಮಾತು ತೆಗೆಯಲಿಲ್ಲ. ಮಕ್ಕಳು ಬಂದು ಸಾಲಾಗಿ ಕೂತರು. ನಾನೂ ಎದ್ದು ತಟ್ಟೆ ಹಂಚಿದೆ, ನೀರು ಕೊಟ್ಟೆ. ಬಡಿಸಿ ಮುಗಿಯುವಷ್ಟರಲ್ಲಿ ದಾಂಡೇಲಿ ಬಸ್ಸಿನ ಹೊತ್ತಾಗಿತ್ತು.

“ಹೋಗ್ತೇನಿ ಅಕ್ಕ,” ಎಂದೆ.

“ಹೋಗಿ ಬಾ. ಅವ್ವಗ ಕೇಳೇನಿ ಅಂತ ಹೇಳು,” ಎಂದು ಆಕೆ ಮಕ್ಕಳ ಕಡೆ ತಿರುಗಿದಳು.