ಅಲ್ ಮನ್ಸೂರಾದ ಕೋಣೆಯಲ್ಲಿ ಕೇಳಿದ ಹಿಮಕುಸಿತ

ಹೊರಗೆ ಧೂಳುಗಾಳಿ ಕಿಟಕಿಗೆ ಬಡಿಯುತ್ತಿತ್ತು. ನಾನು ಸೂಟ್‌ಕೇಸ್ ಎಳೆದುಕೊಂಡು ಒಳಗೆ ಕಾಲಿಟ್ಟಾಗ ನನ್ನ ಹೊಸ ರೂಮ್‌ಮೇಟ್ ಫೋನ್ ಹಿಡಿದು, "ಹಿಮ ಗಟ್ಟಿಯಿದೆಯಾ, ಮೆತ್ತಗಾಯಿತಾ?" ಎಂದು ಹಿಂದಿಯಲ್ಲಿ ಕೇಳುತ್ತಿದ್ದಳು. ಮರಳುಗಾಡಿಗೆ ಬಂದವಳ ಕಿವಿಗೆ ಬಿದ್ದ ಮೊದಲ ಮಾತು ಅದು.

ಅವಳು ಡೋಲ್ಮಾ. ಹಿಮಾಚಲದ ಲಾಹೌಲ್‌ನವಳು, ದೋಹಾದ ಒಂದು ದಂತ ಕ್ಲಿನಿಕ್‌ನಲ್ಲಿ ರಿಸೆಪ್ಷನಿಸ್ಟ್. ನಮ್ಮದು ಅದೇ ನಗರದ ಅಲ್ ಮನ್ಸೂರಾ ಬಡಾವಣೆಯ ಫ್ಲಾಟಿನಲ್ಲಿ ಒಂದು 'ಪಾರ್ಟಿಶನ್', ಅಂದರೆ ಪ್ಲೈವುಡ್ ಗೋಡೆ ಹಾಕಿ ಭಾಗ ಮಾಡಿದ ಕೋಣೆ. ಕೆಳಗಿಳಿದರೆ ನೀರುದೋಸೆ ಸಿಗುತ್ತಿತ್ತು, ತುಳುವೂ ಕಿವಿಗೆ ಬೀಳುತ್ತಿತ್ತು. ಆದರೂ ನನ್ನೂರು ಮಲ್ಪೆಯ ಕಡಲ ಸದ್ದಿಲ್ಲದೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ವಸಂತವೆಂದರೆ ನನಗೆ ಮಾವಿನ ಮಿಡಿ, ಡೋಲ್ಮಾಳಿಗೆ ಭಯ. ಚಳಿಗಾಲವಿಡೀ ಪದರಪದರವಾಗಿ ಕೂತ ಹಿಮದ ತಳ ಎಷ್ಟೋ ಕಡೆ ಸಕ್ಕರೆಯಂತೆ ಸಡಿಲವಾಗಿರುತ್ತದಂತೆ. ಬಿಸಿಲಿಗೆ ಕರಗಿದ ನೀರು ಅಲ್ಲಿಗೆ ಇಳಿದರೆ ಇಡೀ ಇಳಿಜಾರೇ ಜಾರಿ ಬರುತ್ತದೆ. ರಾತ್ರಿ ಆಕಾಶ ತಿಳಿಯಾಗಿದ್ದರೆ ಹಿಮ ಮತ್ತೆ ಹೆಪ್ಪುಗಟ್ಟುತ್ತದೆ, ಮುಂಜಾನೆ ದಾಟಬಹುದು. ಮೋಡವಿದ್ದರೆ ಅದೂ ಇಲ್ಲ. ಅವಳು ಹೀಗೆ ಹೇಳುವಾಗ, ದೋಣಿ ಇಳಿಸುವ ಮುಂಚೆ ಕಡಲನ್ನೇ ನೋಡುತ್ತ ನಿಲ್ಲುತ್ತಿದ್ದ ನನ್ನ ಅಪ್ಪ ಕಣ್ಣಮುಂದೆ ಬರುತ್ತಿದ್ದರು.

ಮರುವರ್ಷದ ವಸಂತದಲ್ಲಿ ಒಂದು ಶುಕ್ರವಾರ ಮಧ್ಯಾಹ್ನ ಡೋಲ್ಮಾಳ ಭಾವ ತಾಶಿ ವಿಡಿಯೊ ಕಾಲ್ ಮಾಡಿದ. ಅವಳ ಅಕ್ಕ ಅಂಗ್ಮೋಳಿಗೆ ದಿನ ತುಂಬುವ ಮೊದಲೇ ಹೆರಿಗೆ ನೋವು ಬಂದಿತ್ತು. ಜೀಪು ಸಿದ್ಧವಿತ್ತು. ಆಸ್ಪತ್ರೆಯ ದಾರಿ ಮಾತ್ರ ಹಿಮದ ಇಳಿಜಾರಿನ ಕೆಳಗೇ ಹೋಗುತ್ತಿತ್ತು.

"ರಾತ್ರಿ ಮೋಡವಿತ್ತಾ?" ಡೋಲ್ಮಾ ಕೇಳಿದಳು.

"ಇತ್ತು."

"ಇಳಿಜಾರು ತೋರಿಸು."

ತಾಶಿ ಫೋನ್ ತಿರುಗಿಸಿದ. ಬಿಳಿಯ ಮೈಮೇಲೆ ಹಿಮದ ಸಣ್ಣ ಉಂಡೆಗಳು ತಾವಾಗಿಯೇ ಉರುಳುತ್ತಿದ್ದವು.

"ಬೇಡ. ಹಿಮ ಮೆತ್ತಗಾಗಿದೆ, ಹೊರಡಬೇಡ."

"ಇಲ್ಲೇ ಅವಳಿಗೇನಾದರೂ ಆದರೆ ನೀನು ಬರ್ತೀಯಾ?" ಅವನು ಕಿರುಚಿದ.

ಡೋಲ್ಮಾ ದನಿ ಏರಿಸಲಿಲ್ಲ. "ದಾರಿಯಲ್ಲಿ ಇಬ್ಬರೂ ಹೋಗ್ತೀರಿ. ನಿಲ್ಲು."

ನಾನು ಮೆಟ್ಟಿಲಿಳಿದು ಓಡಿದೆ. ಕೆಳಗಿನ ಮನೆಯ ಜೊಹರಕ್ಕ ಉಳ್ಳಾಲದವರು, ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ಕೈಯಲ್ಲಿದ್ದ ಸೌಟು ಅಲ್ಲೇ ಇಟ್ಟು ಬಂದರು.

"ಎಷ್ಟನೇ ಮಗು? ಎರಡನೆಯದಾ? ಹಾಗಾದ್ರೆ ಜೀಪು ಗೀಪು ಎಲ್ಲ ಖಲಾಸ್ ಮಾರಾಯ್ತಿ, ದಾರಿಯಲ್ಲೇ ಹೆರ್ತಾಳೆ. ಫೋನ್ ಇಲ್ಲಿ ಕೊಡು. ಯಲ್ಲಾ, ಬಿಸಿನೀರು ಇಡ್ಲಿಕ್ಕೆ ಹೇಳು." 'ಖಲಾಸ್' ಎಂದರೆ ಮುಗಿಯಿತು, 'ಯಲ್ಲಾ' ಎಂದರೆ ನಡಿ ಬೇಗ. ಇಲ್ಲಿ ಈ ಎರಡು ಮಾತಿಲ್ಲದೆ ಯಾವ ಕೆಲಸವೂ ಆಗುವುದಿಲ್ಲ.

ತಾಶಿಯ ತಾಯಿ ಸೊಸೆಯ ಬಳಿ ಕೂತರು. ಜೊಹರಕ್ಕ ಹಿಂದಿಯಲ್ಲಿ ಒಂದೊಂದೇ ಹೇಳುತ್ತಾ ಹೋದರು. ನಡುವೆ ಫೋನಿನೊಳಗಿಂದ ಗುಡುಗಿನಂಥ ಸದ್ದು ಬಂತು. ಅದು ನಿಲ್ಲಲೇ ಇಲ್ಲ, ಉರುಳುತ್ತಲೇ ಇತ್ತು. ತಾಶಿ ಹೊರಗೆ ಓಡಿ, ತಿರುಗಿ ಬಂದು ಬಾಗಿಲಲ್ಲೇ ನಿಂತು ಹಿಮ ಜಾರಿತು ಎಂದ. ಜೀಪು ಹೋಗಬೇಕಿದ್ದ ರಸ್ತೆ ಇರಲಿಲ್ಲ.

"ಅದನ್ನು ಮತ್ತೆ ನೋಡುವ. ನೀನು ಉಸಿರು ಬಿಡು ಮಗಾ," ಎಂದರು ಜೊಹರಕ್ಕ ಅಂಗ್ಮೋಳಿಗೆ.

ಮಗು ಅತ್ತಾಗ ಡೋಲ್ಮಾ ಮೊದಲ ಬಾರಿ ಅತ್ತಳು. ರಸ್ತೆ ತೆರವಾದ ಮೇಲೆ ತಾಯಿ ಮಗು ಆಸ್ಪತ್ರೆಗೆ ಹೋಗಿಬಂದರು, ಇಬ್ಬರೂ ಕ್ಷೇಮ. ತನ್ನವರನ್ನು ಕಾಪಾಡಲು ಇಷ್ಟು ದೂರದಿಂದ 'ಬೇಡ' ಎನ್ನುವುದಕ್ಕೆ ಎಷ್ಟು ಧೈರ್ಯ ಬೇಕೆಂದು ನಾನು ಆ ದಿನ ಕಂಡೆ.

ಈಗ ಮಲ್ಪೆಯ ಗಾಳಿಯ ಜೊತೆಗೆ, ನಾನೆಂದೂ ಕಾಲಿಡದ ಡೋಲ್ಮಾಳ ಕಣಿವೆಯ ಹವಾಮಾನವನ್ನೂ ದಿನಾ ನೋಡುತ್ತೇನೆ. ರಜೆಗೆ ಊರಿಗೆ ಹೋದಾಗ ಯಾರಾದರೂ, "ಅಲ್ಲಿ ಹವೆ ಹೇಗುಂಟು?" ಎಂದು ಕೇಳಿದರೆ ಒಂದು ಕ್ಷಣ ತಡವರಿಸುತ್ತೇನೆ. ಯಾವ 'ಅಲ್ಲಿ' ಎಂದು ನನಗೇ ಹೊಳೆಯುವುದಿಲ್ಲ.