ಅಂಗೈ ಬಿಟ್ಟು ತೇಲುವ ಲಿಂಗ

ಬೆಳಗಿನ ಐದು ಗಂಟೆ. ಉಪ್ಪಲ್‌ನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಶರಣಬಸಮ್ಮ ಅಡುಗೆಕಟ್ಟೆಯ ಮೇಲೆ ಹಾಳೆ ಹರಡಿಕೊಂಡು ನಿಂತಿದ್ದಾರೆ. ಕುಕ್ಕರ್ ಮೂರು ಸಲ ಕೂಗಿದ್ದೂ ಗೊತ್ತಾಗಿಲ್ಲ. ಎಂಟಕ್ಕೆ ನಾಚಾರಂನ ಕಾರ್ಖಾನೆಯಲ್ಲಿರಬೇಕು. ಅಷ್ಟರೊಳಗೆ ತಮ್ಮ ಮೊದಲ ಕಾದಂಬರಿಯ ಕೊನೆಯ ಕರಡು ತಿದ್ದಿ ಮುದ್ರಣಕ್ಕೆ ಕಳಿಸಬೇಕು. ತಡೆದಿರುವುದು ಒಂದೇ ಸಾಲು. ಅದರ ಚಿಂತೆಯಲ್ಲಿ ಮೂರು ದಿನದಿಂದ ಊಟ ಸೇರುತ್ತಿಲ್ಲ.

ಕಲಬುರಗಿ ಕಡೆಯ ಈ ಹೆಣ್ಣುಮಗಳು ಹಗಲಿಡೀ ಯಂತ್ರದ ಬಿಡಿಭಾಗಗಳ ಅಳತೆ ನೋಡುತ್ತಾರೆ, ದಿನಕ್ಕೆ ಮುನ್ನೂರು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ವಾಪಸ್. ಕಥೆಗೂ ಅದೇ ಕಟ್ಟುನಿಟ್ಟು. ಒಂಬತ್ತು ವರ್ಷದಲ್ಲಿ ಹನ್ನೊಂದು ವಿಜ್ಞಾನ ಕಥೆ ಬರೆದರು, ಅಚ್ಚಾದದ್ದು ನಾಲ್ಕು. ಪಕ್ಕದಲ್ಲಿ ಕೂತು ಕೆಲಸ ಮಾಡುವವರಿಗೂ ಈ ಸುದ್ದಿ ಗೊತ್ತಿಲ್ಲ, ನೋಡಿ!

ಕಾದಂಬರಿಯ ಗಗನಯಾತ್ರಿ ನೌಕೆಯೊಳಗೆ ಇಷ್ಟಲಿಂಗ ಪೂಜೆಗೆ ಕೂರುತ್ತಾಳೆ. ಮೊದಲು ಬರೆದಾಗ ಶರಣಬಸಮ್ಮ ಅಭ್ಯಾಸಬಲದಿಂದ ಲಿಂಗದ ಮೇಲೆ ನೀರು ಸುರಿಸಿ, ಬಟ್ಟಲಿಗೆ ಇಳಿಸಿಬಿಟ್ಟಿದ್ದರು. "ಅಲ್ಲಿ ನೀರು ಎಲ್ಲಿ ಇಳೀತೈತ್ರಿ, ನನ್ನ ತಲಿ!" ಎಂದು ನಮ್ಮೆದುರು ಹಣೆ ಚಚ್ಚಿಕೊಳ್ಳುತ್ತಾರೆ. ಒಣ ವಿಭೂತಿಯನ್ನೂ ತೆಗೆದರು. ಪುಡಿ ಹಾರಿ ಉಪಕರಣದೊಳಗೆ ಹೊಕ್ಕರೆ ಏನು ಗತಿ? ಉಳಿದದ್ದು ಲಿಂಗ. ತೂಕವೇ ಇಲ್ಲದ ಕಡೆ ಅದೂ ಅಂಗೈ ಬಿಟ್ಟು ತೇಲಬೇಕು. ತಡೆದಿರುವ ಸಾಲು ಇದೇ.

ಪಕ್ಕದ ಕೋಣೆಯಲ್ಲಿ ಪೂಜೆಗೆ ಕೂತ ಅತ್ತೆ ಪಾರ್ವತಿಬಾಯಿಗೆ ಎಪ್ಪತ್ತೆಂಟು. ಎಳವೆಯಿಂದ ಲಿಂಗವನ್ನು ಮೈಯಿಂದ ಅಗಲಿಸಿದವರಲ್ಲ. ಅದು ಕೈಜಾರಿತೆಂದರೆ ಅವರಿಗೆ ಜೀವ ಹೋದಂತೆಯೇ. "ಸುಳ್ಳು ಬರೀಲ್ಯಾ, ಅತ್ತಿ ಮನಸ್ಸು ನೋಯಿಸ್ಲ್ಯಾ?" ಎನ್ನುತ್ತಾರೆ ಸೊಸೆ.

ಪೂಜೆ ಮುಗಿಯುತ್ತದೆ. ಧೈರ್ಯ ಮಾಡಿ ಶರಣಬಸಮ್ಮ ಆ ಭಾಗವನ್ನು ಅತ್ತೆಯ ಮುಂದೆ ಓದುತ್ತಾರೆ. ಪಾರ್ವತಿಬಾಯಿ ಕೊರಳಲ್ಲಿನ ಲಿಂಗದ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ.

"ಬೀಳೂದಿಲ್ಲ, ಹೌದಿಲ್ಲೊ?"

"ಇಲ್ರಿ ಅತ್ತಿ. ತೇಲತೈತ್ರಿ, ಕಣ್ಣಿನ ಮುಂದನ."

ಪಾರ್ವತಿಬಾಯಿ ಕರಡಿಗೆಯ ಮೇಲಿನ ಹಿಡಿತ ಸಡಿಲಿಸುತ್ತಾರೆ.

"ತೇಲಲಿ ಬಿಡವ್ವಾ. ಆಕಿ ದೃಷ್ಟಿ ಕದಲಲಿಲ್ಲ ಅಂತ ಬರಿ. ಪೂಜಿ ಇರೂದು ಅದರಾಗ."

ಶರಣಬಸಮ್ಮ ಗೋಡೆಗೊರಗಿ ಅತ್ತುಬಿಡುತ್ತಾರೆ. ಆಮೇಲೆ ಅತ್ತೆ ಹೇಳಿದ ಸಾಲು ಸೇರಿಸಿ, ಮೊಬೈಲಿನಲ್ಲಿ ಫೋಟೊ ತೆಗೆದು ಪ್ರಕಾಶಕರಿಗೆ ಕಳಿಸಿ, ಊಟದ ಡಬ್ಬಿ ಹಿಡಿದು ಬಸ್ಸಿಗೆ ಓಡುತ್ತಾರೆ. ಮೆಟ್ಟಿಲ ಬಳಿ ತಿರುಗಿ ನಿಂತು ನಮಗೆ ಹೇಳುತ್ತಾರೆ:

"ಇಡೀ ಪುಸ್ತಕದಾಗ ಅಳತಿಗೆ ಸರಿಯಾಗಿ ಕೂತ ಸಾಲು ಅದೊಂದ ನೋಡ್ರಿ. ಅದು ನಂದಲ್ಲ, ನಮ್ಮ ಅತ್ತಿದು."