ನಾಯಿಮೂಗು ಪಾಸು ಮಾಡಿದ ಕಾರು

ನಮ್ಮ ಗ್ಯಾರೇಜಿನಲ್ಲಿ ಅವನನ್ನು ಎಲ್ಲರೂ ನಾಯಿಮೂಗು ಎಂದೇ ಕರೆಯುತ್ತಿದ್ದರು. ಅದು ಬೈಗುಳವಲ್ಲ, ಬಿರುದು. ಯಾವ ಕಾರಿನ ಪೆಟ್ರೋಲ್ ಪೈಪು ಬಿಚ್ಚಿ ಜೋಡಿಸಿದರೂ, ಅವನು ಮೂಸಿ ನೋಡದೆ ಹೊರಗೆ ಬಿಡುವಂತಿರಲಿಲ್ಲ. ಫ್ಯಾನು ನಿಲ್ಲಿಸುತ್ತಿದ್ದೆವು, ಶಟರ್ ಅರ್ಧ ಎಳೆಯುತ್ತಿದ್ದೆವು, ಬಾಯಿ ಮುಚ್ಚಿಕೊಳ್ಳುತ್ತಿದ್ದೆವು. ಅವನು ಬಾನೆಟ್ಟಿನೊಳಗೆ ತಲೆ ಹಾಕಿ, ಕಣ್ಣು ಮುಚ್ಚಿ, ಉಸಿರೆಳೆದು "ಹೋಗ್ಲಿ" ಅಂದರೆ ಕಾರು ಹೋಗುತ್ತಿತ್ತು. "ಊಹೂಂ" ಅಂದರೆ ಗ್ಯಾರೇಜಿನ ಮಾಲೀಕರೇ ಬಂದು ಗೋಗರೆದರೂ ಗಾಲಿ ಅಲ್ಲಾಡುತ್ತಿರಲಿಲ್ಲ. ಗಿರಾಕಿಗಳು ಆ ಮೂಗನ್ನು ನೋಡಲೆಂದೇ ಬರುತ್ತಿದ್ದರು ಎಂದರೆ ಸುಳ್ಳಲ್ಲ.

ನಾನು ಅಲ್ಲಿ ವೈರಿಂಗ್ ಕೆಲಸದವನು. ಹನ್ನೊಂದು ವರ್ಷ ನಮ್ಮಿಬ್ಬರ ಬೆಂಚು ಅಕ್ಕಪಕ್ಕ, ಹನ್ನೊಂದು ವರ್ಷವೂ ಅವನು ನನ್ನನ್ನು ಕರೆದದ್ದು 'ಬಲ್ಬು' ಎಂದು. "ತಂತಿ ಸುತ್ತೋದೂ ಒಂದು ಕೆಲಸಾನಾ? ನನ್ನ ಹೆಂಡ್ತಿ ಸ್ವೆಟರ್ ಹಾಕ್ತಾಳಲ್ಲ, ಅವಳನ್ನೇ ಕಳಿಸ್ತೀನಿ ಬಿಡಿ" ಎಂದು ಗಿರಾಕಿಗಳ ಎದುರೇ ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಒಳಗೊಳಗೇ ಕುದಿಯುತ್ತಿದ್ದೆ ಎಂಬುದನ್ನು ಈಗಲೇ ಹೇಳಿಬಿಡುವುದು ವಾಸಿ.

ಆ ಮೂಗು ಸತ್ತುಹೋಗಿದೆ ಎಂದು ನನಗೆ ಗೊತ್ತಾದದ್ದು ಅವನ ಮನೆಯಲ್ಲಿ. ಒಂದು ಭಾನುವಾರ ಡ್ರಿಲ್ ವಾಪಸು ತರಲು ಹೋಗಿದ್ದೆ. ಹಾಲು ಉಕ್ಕಿ, ತಳ ಹಿಡಿದು, ಮನೆಯೆಲ್ಲ ಸೀದ ನಾತ. ಇವನು ಅಡುಗೆಮನೆಯ ಬಾಗಿಲ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಹಾಯಾಗಿ ಪೇಪರ್ ಓದುತ್ತಿದ್ದಾನೆ! ಹೆಂಡತಿ ಹಿತ್ತಲಿನಿಂದ ಓಡಿ ಬಂದು ಒಲೆ ಆರಿಸಿ, "ಮೂಗನ್ನೇನು ಗ್ಯಾರೇಜಲ್ಲೇ ಬಿಟ್ಟು ಬಂದ್ರಾ? ಇದು ಎಷ್ಟನೇ ಸಲ?" ಎಂದು ರೇಗಿದಳು. ನಾನು ಏನೂ ಕೇಳಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕಡೆ ತಿರುಗಿ, "ನೆಗಡಿ ಕಣೋ" ಅಂದ.

ನೆಗಡಿಯಲ್ಲ. ಮೂವತ್ತು ವರ್ಷದ ಪೆಟ್ರೋಲು ಅದನ್ನು ಒಳಗಿನಿಂದ ತಿಂದುಹಾಕಿತ್ತು. ಮರುದಿನದಿಂದ ಕಣ್ಣಿಟ್ಟು ನೋಡಿದೆ. ಬಾನೆಟ್ಟಿನೊಳಗೆ ಬಗ್ಗಿದಾಗ ಬೆರಳ ಸಂದಿಯಲ್ಲಿ ಒಂದು ಚೂರು ಪೇಪರ್ ಇರುತ್ತಿತ್ತು. ಯಾರಿಗೂ ಕಾಣದಂತೆ ಅದನ್ನು ಒಂದೊಂದು ಜೋಡಣೆಯ ಮೇಲೂ ಸವರುತ್ತಿದ್ದ. ಪೇಪರ್ ಒದ್ದೆಯಾದರೆ "ಊಹೂಂ", ಒಣಗಿದ್ದರೆ "ಹೋಗ್ಲಿ". ಕಣ್ಣು ಮುಚ್ಚುವುದು, ಉಸಿರೆಳೆಯುವುದು ಎಲ್ಲ ಬರೀ ನಾಟಕ. ಮರುಕ ಬರಬೇಕಿತ್ತು, ಬರಲಿಲ್ಲ. ಗುಟ್ಟನ್ನು ಯಾರಿಗೂ ಹೇಳದೆ ಜೋಪಾನವಾಗಿ ಇಟ್ಟುಕೊಂಡೆ. ಒಂದಲ್ಲ ಒಂದು ದಿನ ಎಲ್ಲರೆದುರು ತಾನಾಗಿಯೇ ಬಯಲಾಗುತ್ತದೆ, ಆವತ್ತು ನಾನು ಮುಂದಿನ ಸಾಲಿನಲ್ಲಿ ಕೂತು ನೋಡಬೇಕು ಎಂದುಕೊಂಡಿದ್ದೆ.

ಅವನ ಒಬ್ಬಳೇ ಮಗಳ ಗಂಡ ಶಾಲೆಯಲ್ಲಿ ಗಣಿತದ ಮೇಷ್ಟ್ರು. ತುಂಬಾ ಸಾಧು, ಮಾವನ ಎದುರು ಕೂರಲೂ ಹಿಂಜರಿಯುವಂಥವರು. ಅವರು ಒಂದು ಹಳೆಯ ಕಾರು ಕೊಂಡಿದ್ದರು. ಸಮತಟ್ಟು ರಸ್ತೆಯಲ್ಲಿ ಚೆನ್ನಾಗಿ ಓಡುವ ಅದು ದಿಬ್ಬ ಹತ್ತುವಾಗ ಏದುಸಿರು ಬಿಡುತ್ತಿತ್ತು. ಎಂಜಿನ್ನಿಗೆ ಹೋಗುವ ಪೆಟ್ರೋಲಿನ ಒತ್ತಡ ದಿಬ್ಬದಲ್ಲಿ ಬೀಳುತ್ತಿದೆಯೇ ಎಂದು ಓಡಿಸುತ್ತಲೇ ನೋಡಬೇಕು, ಅದಕ್ಕೆ ಕಾರಿನೊಳಗೆ ಒಂದು ಮಾಪಕ ಕೂರಿಸಿ ಎಂದು ನನ್ನನ್ನೇ ಕೇಳಿದರು.

"ಎರಡು ಥರ ಇದೆ ಮೇಷ್ಟ್ರೇ," ಅಂದೆ. "ಒಂದರಲ್ಲಿ ಪೆಟ್ರೋಲ್ ಪೈಪೇ ಕಾರೊಳಗೆ ಬಂದು ಡಯಲ್ ಹಿಂದೆ ಸೇರತ್ತೆ. ಇನ್ನೊಂದು ಕರೆಂಟಿಂದು. ಒತ್ತಡ ಅಳೆಯೋ ಸೆನ್ಸರ್ ಎಂಜಿನ್ ಹತ್ರಾನೇ ಇರತ್ತೆ, ಒಳಗೆ ಬರೋದು ತಂತಿ ಮಾತ್ರ. ಕೂರೋ ಜಾಗಕ್ಕೆ ಪೆಟ್ರೋಲ್ ಯಾಕೆ ತರ್ತೀರಾ? ಎರಡನೇದೇ ಹಾಕಿಸಿ."

ಮೇಷ್ಟ್ರು ತಲೆಯಾಡಿಸುವಷ್ಟರಲ್ಲಿ ಹಿಂದಿನಿಂದ ನಾಯಿಮೂಗಿನ ದನಿ ಬಂತು. "ಏನಂತೆ ಬಲ್ಬು? ತಂತಿ ಸುಳ್ಳು ಹೇಳತ್ತೆ ಅಳಿಯಂದ್ರೇ, ಪೆಟ್ರೋಲ್ ಸುಳ್ಳು ಹೇಳಲ್ಲ. ಪೈಪಿಂದೇ ಹಾಕ್ತೀನಿ. ಸೋರತ್ತೆ ಅಂತ ಹೆದರಿಕೆನಾ? ಈ ಮೂಗು ಯಾತಕ್ಕಿದೆ?"

ಮೇಷ್ಟ್ರು ನನ್ನ ಮುಖ ನೋಡಿದರು, ಮಾವನ ಮುಖ ನೋಡಿದರು. "ಮಾವ ಹೇಳಿದ್ಮೇಲೆ ಮುಗೀತು" ಅಂದರು.

ಕೆಲಸವನ್ನೇನೋ ಶ್ರದ್ಧೆಯಿಂದಲೇ ಮಾಡಿದ. ಆ ಎಂಜಿನ್ನಿಗೆ ಮೂರು ಬಾರ್ ಒತ್ತಡ ಬೇಕು. ಮುಳ್ಳು ನಟ್ಟನಡುವೆ ನಿಂತರೆ ಓದಲು ಸುಲಭ ಎಂದು ಆರರವರೆಗೆ ಅಂಕಿಯಿದ್ದ ಡಯಲ್ ಆರಿಸಿದ. ಎಂಜಿನ್ ಕಡೆಯ ಪೈಪಿಗೆ ಕವಲು ಹಾಕಿ, ಕಡ್ಡಿಯಷ್ಟು ಸಣ್ಣ ನೈಲಾನ್ ಪೈಪನ್ನು ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆಯ ತೂತಿನಿಂದ ಒಳಗೆ ತಂದು, ಡಯಲಿನ ಬೆನ್ನಿಗೆ ಹಿತ್ತಾಳೆಯ ನಟ್ಟಿನಿಂದ ಬಿಗಿದ. ಎಂಜಿನ್ ಚಾಲೂ ಮಾಡಿದರೆ ಮುಳ್ಳು ಎದ್ದು ಮೂರರ ಮೇಲೆ ನಿಂತಿತು. ಮೇಷ್ಟ್ರು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು.

ಆಮೇಲೆ ಫ್ಯಾನು ನಿಂತಿತು, ಶಟರ್ ಇಳಿಯಿತು. ಅವನು ಸ್ಟೇರಿಂಗಿನ ಕೆಳಗೆ ತಲೆ ತೂರಿಸಿದ. ನಾನು ಇನ್ನೊಂದು ಬಾಗಿಲಿನಿಂದ ಬಗ್ಗಿ ಡಯಲಿನ ದೀಪಕ್ಕೆ ತಂತಿ ಕೊಡುತ್ತಿದ್ದೆ. ಪೇಪರ್ ಚೂರು ಅವನ ಬೆರಳಲ್ಲೇ ಇತ್ತು. ಆದರೆ ಡಯಲ್ ಕೂರಿಸಿಬಿಟ್ಟ ಮೇಲೆ ಆ ನಟ್ಟಿನ ಹತ್ತಿರ ಕೈ ಹೋಗುವಷ್ಟು ಜಾಗವಿರಲಿಲ್ಲ, ಕಣ್ಣಿಗಂತೂ ಕಾಣುವುದೇ ಇಲ್ಲ. ಅಲ್ಲಿ ನಿಜವಾದ ಮೂಗೇ ಬೇಕಿತ್ತು.

ನನ್ನ ಮೂಗಿಗೆ ವಾಸನೆ ಬಂತು. ಕೆಲಸ ಮಾಡುವಾಗ ಚೆಲ್ಲಿದ್ದಾದರೆ ಆರುತ್ತಾ ಹೋಗಬೇಕು, ಇದು ಏರುತ್ತಿತ್ತು.

ಅವನು ತಲೆಯೆತ್ತಿದ. ನಮ್ಮಿಬ್ಬರ ಮುಖದ ನಡುವೆ ಒಂದು ಗೇಣು ಅಂತರ. ನನಗೆ ಗೊತ್ತು ಎಂಬುದು ಅವನಿಗೆ ಗೊತ್ತಿತ್ತು. ಬಾಯಿಬಿಟ್ಟು ಕೇಳಲಿಲ್ಲ, ಕಣ್ಣಲ್ಲೇ ಕೇಳಿದ, ಭಿಕ್ಷೆ ಬೇಡಿದ ಹಾಗೆ. ನಾನು ಹುಬ್ಬು ಹಾರಿಸಿದ್ದರೂ ಸಾಕಿತ್ತು. ಅವನೇ "ಊಹೂಂ" ಅಂದು ಎಲ್ಲ ಬಿಚ್ಚಬಹುದಿತ್ತು. ಆದರೆ ಅಳಿಯನ ಎದುರು ತನ್ನದೇ ಕೆಲಸವನ್ನು ತಾನೇ ತಿರಸ್ಕರಿಸುವುದು ಹೇಗೆ? ಅದೂ ಬಲ್ಬು ಬೇಡವೆಂದಿದ್ದ ಕೆಲಸ! ನಾನು ತಲೆ ತಗ್ಗಿಸಿ ತಂತಿ ಸುತ್ತಿದೆ. ನಾಳೆ ವಾಸನೆ ಅಂತ ವಾಪಸು ಬರುತ್ತಾರೆ, ಇವನ ಬಣ್ಣ ಬಯಲಾಗುತ್ತದೆ. ನನ್ನ ಲೆಕ್ಕಾಚಾರ ಅಷ್ಟೇ.

"ಹೋಗ್ಲಿ" ಅಂದ.

ಮೂರನೆಯ ದಿನ ಗಂಡ ಹೆಂಡತಿ ದಿಬ್ಬದ ರಸ್ತೆಗೆ ಹೊರಟರು. ದಾರಿಯುದ್ದಕ್ಕೂ ಅವಳು "ರೀ, ಪೆಟ್ರೋಲ್ ನಾತ, ತಲೆ ಸಿಡೀತಿದೆ" ಅನ್ನುತ್ತಲೇ ಇದ್ದಳಂತೆ. ಮೇಷ್ಟ್ರು "ನಿಮ್ಮಪ್ಪ ಪಾಸು ಮಾಡಿರೋ ಕಾರು ಕಣೇ, ಹಳೇ ಸೀಟಿನ ನಾತ ಇರಬೇಕು" ಎಂದರಂತೆ. ದಿಬ್ಬದ ಅರ್ಧಕ್ಕೆ ವಾಕರಿಕೆ ತಡೆಯದೆ ಅವಳು ಕಾರು ನಿಲ್ಲಿಸಲು ಹೇಳಿ ಇಳಿದಳು. ಅವಳು ಹತ್ತುವಷ್ಟರಲ್ಲಿ ಎಂಜಿನ್ ಚಾಲೂ ಇರಲಿ ಎಂದು ಮೇಷ್ಟ್ರು ಕೀಲಿ ತಿರುಗಿಸಿದರು. ಕಾಲ ಬಳಿಯಿಂದ ಬೆಂಕಿ ಎದ್ದಿತು. ಅವಳಿಗೆ ಏನೂ ಆಗಲಿಲ್ಲ. ಅವರ ಮೊಣಕಾಲು, ಎರಡೂ ಕೈ ಬೆಂದವು.

ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಮಗಳು ಅಪ್ಪನನ್ನು ಕೇಳಿದಾಗ ನಾನು ಪಕ್ಕದಲ್ಲೇ ಇದ್ದೆ.

"ಅಪ್ಪಾ, ನೀನು ಸರಿಯಾಗಿ ಮೂಸಿದ್ದೆ ತಾನೆ?"

ಈಗಲಾದರೂ ಹೇಳುತ್ತಾನೆ ಎಂದುಕೊಂಡೆ.

"ನನ್ನ ಮೂಗು ತಪ್ಪತ್ತೇನಮ್ಮಾ? ನಿನ್ನ ಗಂಡನೇ ಆಮೇಲೆ ಏನೋ ಕೈ ಹಾಕಿರ್ಬೇಕು, ಕೇಳಿ ನೋಡು" ಎಂದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು.

ಅವಳು ಒಳಗೆ ಹೋಗಿ ಕೇಳಿದಳು. ಮೇಷ್ಟ್ರು ಪ್ರಾಮಾಣಿಕರು, ತಪ್ಪು ಹುಡುಕಿದರೆ ಮೊದಲು ತಮ್ಮಲ್ಲೇ ಹುಡುಕುವವರು. ಯೋಚಿಸಿ ಯೋಚಿಸಿ, ಡಯಲ್ ಕೊಂಚ ಓರೆಯಾಗಿ ಕಂಡದ್ದಕ್ಕೆ ಬೆರಳಿನಿಂದ ಒತ್ತಿ ನೇರ ಮಾಡಿದ್ದು ನೆನಪಾಯಿತಂತೆ. ಅವಳಿಗೆ ಅಷ್ಟೇ ಸಾಕಾಯಿತು. "ನಾನು ಕೆಳಗಿಳೀದೆ ಇದ್ದಿದ್ರೆ ನನ್ನನ್ನೂ ಸುಟ್ಟುಬಿಡ್ತಿದ್ರಿ" ಎಂದು ಅವಳು ವಾರ್ಡಿನಲ್ಲಿ ಎಲ್ಲರೆದುರು ಚೀರಿ ತವರಿಗೆ ಹೋದಳು. ಆಮೇಲೆ ಒಂದು ದಿನವೂ ಆಸ್ಪತ್ರೆಗೆ ಬರಲಿಲ್ಲ.

ಎರಡು ತಿಂಗಳಾದ ಮೇಲೆ ಮೇಷ್ಟ್ರು ಗ್ಯಾರೇಜಿಗೆ ಬಂದರು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಇನ್ನು ಸೀಮೆಸುಣ್ಣ ಹಿಡಿಯುವ ಹಾಗಿರಲಿಲ್ಲ. ಎಲ್ಲರೂ ಕೆಲಸ ನಿಲ್ಲಿಸಿದರು.

"ಮಾವ, ನಾನೇ ಅದನ್ನ ಮುಟ್ಟಬಾರದಿತ್ತು. ನಿಮ್ಮ ಹೆಸರಿಗೆ ಮಸಿ ಬಳಿದೆ. ದಯವಿಟ್ಟು ಕ್ಷಮಿಸಿ. ಅವಳನ್ನ ಕಳಿಸಿಕೊಡಿ."

ನಾಯಿಮೂಗು ಅವರ ಹೆಗಲ ಮೇಲೆ ಕೈಯಿಟ್ಟ. "ಹೋಗ್ಲಿ ಬಿಡಿ ಅಳಿಯಂದ್ರೇ. ಆಗಿದ್ದು ಆಗೋಯ್ತು. ನಾನೇನೂ ಮನಸಲ್ಲಿ ಇಟ್ಕೊಂಡಿಲ್ಲ. ಅವಳಿಗೆ ಬುದ್ಧಿ ಹೇಳಿ ನೋಡ್ತೀನಿ."

ಮಾಲೀಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ಮೇಷ್ಟ್ರನ್ನು ರಸ್ತೆಯವರೆಗೆ ಬಿಡಲು ಹೋದೆ. ಬಾಡಿಗೆ ಕಾರಿನ ಬಾಗಿಲ ಹಿಡಿ ಅವರ ಬೆರಳಿಗೆ ಸಿಗಲಿಲ್ಲ. ನಾನೇ ತೆಗೆದುಕೊಟ್ಟೆ. ಕೂತ ಮೇಲೆ ನನ್ನತ್ತ ನೋಡಿ, "ಎಷ್ಟು ದೊಡ್ಡ ಮನಸು ಅಲ್ವಾ ನಮ್ಮ ಮಾವಂದು?" ಎಂದರು.

"ಹೌದು ಮೇಷ್ಟ್ರೇ" ಎಂದು ಬಾಗಿಲು ಹಾಕಿದೆ.